ರಬ್ಬರಿನ ರೆಕ್ಕೆ

ಕೊಪ್ಪಳ
೧೨ ಫೆಬ್ರವರಿ ೧೯೪೫

ಅಕ್ಕ ಪಕ್ಕೀರವ್ವಳಿಗೆ ತಮ್ಮ ಕನಕಪ್ಪನ ನಮಸ್ಕಾರಗಳು.

ನಿನ್ನ ಯಜಮಾನರು ಆದೆಪ್ಪ ಮಾವನ ಕೈಲಿ ಬರೆಸಿದ ಕಾಗದ ಬಂದು ಹದಿನೈದು ದಿನವಾಯಿತು. ಬೈಯಬೇಡ, ಎರಡು ಸಲ ಬರೆದು ಹರಿದುಹಾಕಿದೆ. "ಈ ಸಲ ಕುರಿ ಉಣ್ಣೆ ಕತ್ತರ್ಸುವಾಗ ಅಪ್ಪ ತನ್ನ ಕತ್ತರಿ ನಿನ್ನ ಕೈಗೆ ಕೊಟ್ನೇನೋ?" ಎಂದು ಕೇಳಿದ್ದೀ. ಮನೆಯ ಹಿರಿಮಗನಿಗೆ ಅದು ಬರಬೇಕಾದ ಕಾಲ ಬಂದಿತ್ತು, ನಿಜ. ಮೊದಲು ನನ್ನ ಕೆಲಸದ ಸುದ್ದಿ ಕೇಳು.

ಸ್ಟೇಷನ್ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ನೀರೆತ್ತುವ ಪಂಪಿಗೆ ರಬ್ಬರಿನ ವಾಷರ್ ಮಾಡುತ್ತಾರೆ. ಕಾದ ಕಬ್ಬಿಣದ ಅಚ್ಚಿನಲ್ಲಿ ರಬ್ಬರ್ ಇಟ್ಟು ಒತ್ತಿದರೆ, ಅಚ್ಚಿನ ಎರಡು ಹೋಳು ಕೂಡುವ ಕಡೆ ಹೆಚ್ಚಾದದ್ದು ತೆಳ್ಳಗೆ ಹೊರಗೆ ಬರುತ್ತದೆ, ಕರಿಗಡಬಿನ ಅಂಚಿನ ಹಾಗೆ. ನಾವು ಅದಕ್ಕೆ ರೆಕ್ಕೆ ಅನ್ನುತ್ತೇವೆ. ಅದನ್ನು ಕತ್ತರಿಸಿ ತೆಗೆಯುವುದು ನನ್ನ ಕೆಲಸ. ಕುರುಬರ ಹುಡುಗ, ಕತ್ತರಿ ಹಿಡಿಯಬಲ್ಲ ಎಂದೇ ಮೇಸ್ತ್ರಿ ಮಕ್ಬುಲಸಾಬರು ನನ್ನನ್ನು ಸೇರಿಸಿಕೊಂಡದ್ದು.

ಮೊದಲ ವಾರವೇ ಮರ್ಯಾದೆ ಹೋಯಿತು. ನಮ್ಮ ಕೈ ನಿನಗೆ ಗೊತ್ತಲ್ಲ, ಚರ್ಮಕ್ಕೆ ತಾಗದಂತೆ ಸ್ವಲ್ಪ ಉಣ್ಣೆ ಬಿಟ್ಟೇ ಕತ್ತರಿಸುತ್ತದೆ. ರಬ್ಬರಿನಲ್ಲೂ ಹಾಗೇ ಬಿಟ್ಟೆ. ವಾಷರ್ ಸರಿಯಾಗಿ ಕೂರದೆ ಪಂಪು ಸೋರಿ, ಚೀಲಗಟ್ಟಲೆ ಮಾಲು ವಾಪಸು ಬಂತು. ಮಕ್ಬುಲಸಾಬರು ಅದರಲ್ಲೊಂದನ್ನು ನನ್ನ ಕೆನ್ನೆಗೆ ಉಜ್ಜಿ, "ಇದೇನ್ ಕುರಿ ಏನೋ ಕನಕಪ್ಪ? ಇದಕ್ಕ ನೋವಾಗೂದಿಲ್ಲ. ಬುಡಕ್ಕ ಹಚ್ಚಿ ಕತ್ತರ್ಸು" ಅಂದರು. ನಗು ಬಂತು, ಸಿಟ್ಟೂ ಬಂತು. ಆರು ತಿಂಗಳಲ್ಲಿ ಕಣ್ಣು ಮುಚ್ಚಿಕೊಂಡೂ ಬುಡಕ್ಕೆ ಹಚ್ಚಿ ಕತ್ತರಿಸುವಷ್ಟು ಕಲಿತೆ. ಈಗ ನನ್ನ ಮಾಲು ಒಂದೂ ವಾಪಸು ಬರುವುದಿಲ್ಲ. ಅದರ ಹೆಮ್ಮೆ ನನಗಿದೆ, ಸುಳ್ಳೇಕೆ ಹೇಳಲಿ.

ಸಂಕ್ರಾಂತಿ ಆದ ಮೇಲೆ ರಜೆ ಕೇಳಿ ಊರಿಗೆ ಹೋಗಿದ್ದೆ. ಅವ್ವ ಚೆನ್ನಾಗಿದ್ದಾಳೆ. ಅಪ್ಪನಿಗೆ ಮೊಣಕಾಲು ಹಿಡಿದಿದೆ, ಇನ್ನು ಕುರಿ ಕೆಡವಿಕೊಂಡು ಕೂರಲು ಆಗದು. ಕತ್ತರಿಯ ಮಾತನ್ನು ಅವನೇ ನಿಮ್ಮಲ್ಲಿಗೆ ಬಂದು ಹೇಳುತ್ತಾನೆ.

ನಿನ್ನ ಮಗಳು ಪಂಪಮ್ಮನಿಗೆ ಈ ಮಾಮನ ಮುದ್ದು. ನೂರು ಕಾಲ ಬಾಳಲಿ, ನಿನ್ನ ಮನೆ ತಂಪಾಗಿರಲಿ.

ನಿನ್ನ ತಮ್ಮ
ಕನಕಪ್ಪ

ತಾ.ಕ.: ಆದೆಪ್ಪ ಮಾವ, ಅಕ್ಕನಿಗೆ ಓದು ಬಾರದು, ಇಷ್ಟೊತ್ತು ಓದಿ ಹೇಳಿದವರು ನೀವೇ. ಇಲ್ಲಿಂದ ಮುಂದಿನದು ನಿಮಗೊಬ್ಬರಿಗೆ. ಅಪ್ಪ ಕತ್ತರಿ ನನ್ನ ಕೈಗೆ ಕೊಟ್ಟಿದ್ದ. ಮೊದಲ ಕುರಿಯ ಚರ್ಮವನ್ನೇ ಕೊಯ್ದೆ. ಎರಡನೆಯದಕ್ಕೂ ಅದೇ ಆಯಿತು. ಸ್ವಲ್ಪ ಬಿಡಬೇಕು ಅಂದುಕೊಂಡರೂ ಕೈ ಬುಡಕ್ಕೇ ಹೋಗುತ್ತಿತ್ತು. ಅಪ್ಪ ಗಾಯಕ್ಕೆ ಅರಿಸಿನ ಮೆತ್ತುತ್ತ, "ನಿನ್ನ ಕೈ ಬ್ಯಾರೆ ಆತಪ್ಪ" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ಕತ್ತರಿಯನ್ನು ನಿಮಗೆ ಕೊಡಲು ಕುಷ್ಟಗಿಗೆ ಬರುತ್ತಾನೆ. ನನ್ನ ಮುಖ ನೋಡಿ ಬೇಡ ಅನ್ನಬೇಡಿರಿ, ಎರಡೂ ಕೈಯಿಂದ ತೆಗೆದುಕೊಳ್ಳಿರಿ. ಅಕ್ಕನಿಗೆ ಮಾತ್ರ, ತಮ್ಮ ತಾನೇ ಬೇಡ ಅಂದನಂತೆ ಎಂದು ಹೇಳಿರಿ.