ಐದನೆಯ ಕೋರ್ಸ್

ಮಾರ್ಚ್ ೪, ಬೆಳಿಗ್ಗೆ

ಪಾರ್ಕು. ಎರಡನೇ ಸುತ್ತಿಗೆ ಎದುರಾದ, ಬಿಳಿ ಶೂ ಸರ್ಜನ್. ನಾಯಿಗೆ ಸ್ವೆಟರ್ ಹಾಕಿಸಿದ್ದಾನೆ. "ಹೇಗಿದ್ದೀರಿ ಸರ್, ಆರಾಮಾ?" ಅಂದ. ನಾನು ಯಾರೆಂದು ಅವನಿಗೆ ನೆನಪಿಲ್ಲ. ಪಿತ್ತಕೋಶದ ಕಲ್ಲು ಅಷ್ಟೇ, ನಾಳೆಯೇ ಮನೆಗೆ ಕರೆದುಕೊಂಡು ಹೋಗಿ ಅಂದಿದ್ದ ನನ್ನ ಹೆಂಡತಿಯ ವಿಷಯದಲ್ಲಿ. ಆಪರೇಷನ್ ಆದಮೇಲೆ ಹೊಟ್ಟೆ ಉಬ್ಬಿತು, ಜ್ವರ ಏರಿತು. ಫೋನಿನಲ್ಲೇ "ಗ್ಯಾಸು" ಅಂದ. ಬಂದು ನೋಡಲಿಲ್ಲ. ತೀರಿಹೋದಳು, ಎರಡು ವರ್ಷವಾಯಿತು. ನಾಯಿಗೆ ಚಳಿಯಾಗುವುದು ಮಾತ್ರ ಅವನಿಗೆ ಗೊತ್ತಾಗುತ್ತದೆ.

"ಆರಾಮ" ಅಂದೆ, ಹಲ್ಲು ಕಚ್ಚಿಕೊಂಡು.

ಇರಲಿ. ಬೇರೆ ವಕೀಲರ ಕೈಗೆ ಕೊಡದೆ, ಕೋರ್ಟಿಗೂ ಹಾಕದೆ ಕೇಸನ್ನು ಕಾಪಾಡಿಕೊಂಡು ಬಂದಿರುವುದೇ ಅದಕ್ಕೆ. ಮಗಳ ಲಾ ಮುಗಿಯಲಿ. ಅವಳೇ ಕರಿ ಕೋಟು ಹಾಕಿ ಅವನನ್ನು ಕಟಕಟೆ ಹತ್ತಿಸಿ ಕೇಳಬೇಕು — ನಮ್ಮಮ್ಮನಿಗೆ ಆಗಿದ್ದು ಗ್ಯಾಸಾ? ನಾನು ಮುಂದಿನ ಬೆಂಚಿನಲ್ಲಿ ಕೂತಿರಬೇಕು.

ಅದೇ ದಿನ, ಸಂಜೆ

ವಿದೇಶದ ಯೂನಿವರ್ಸಿಟಿಯಲ್ಲಿ ಅರ್ಧ ವರ್ಷ ಓದಲು ಮಗಳಿಗೆ ಸೀಟು ಸಿಕ್ಕಿದೆಯಲ್ಲ, ಅದರ ಕೋರ್ಸ್ ಪಟ್ಟಿ ಬಂದಿದೆ. ಐದು ಆರಿಸಬೇಕು. ಕನ್ನಡಕ ಒರೆಸಿಕೊಂಡು ಕೂತೆ. ಪ್ರಿರಿಕ್ವಿಸಿಟ್... ಕಾಲೇಜಿನಲ್ಲಿ ಬಂದ ಶಬ್ದವೇ. ಸ್ಪೆಲ್ಲಿಂಗ್ ಉಳಿದಿದೆ, ಅರ್ಥ ಹೋಗಿದೆ. ಆದರೆ ಒಂದು ಸಾಲು ಡಿಕ್ಷನರಿ ಇಲ್ಲದೆಯೇ ಅರ್ಥವಾಯಿತು. ಮೆಡಿಕಲ್ ನೆಗ್ಲಿಜೆನ್ಸ್, ಡಾಕ್ಟರರ ನಿರ್ಲಕ್ಷ್ಯ.

"ಇದು ತಗೋ ಪುಟ್ಟಿ."

"ಎವಿಡೆನ್ಸ್ ಸೇರಿ ನಾಲ್ಕು ಆಗಿದೆ ಅಪ್ಪಾ. ಐದನೇದು ಹಡಗಿನ ಕಾನೂನು."

"ಹಡಗಾ? ನಮ್ಮ ವಂಶದಲ್ಲಿ ಯಾರಾದ್ರೂ ದೋಣಿಯಾದ್ರೂ ಹತ್ತಿದ್ದಾರೇನೇ?"

"ನಾನು ಹತ್ತುತ್ತೀನಿ ಬಿಡಿ."

ನಕ್ಕಳು. ಥೇಟ್ ಅವಳಮ್ಮನ ನಗು. ಅಮ್ಮನ ನಗು ಇಟ್ಟುಕೊಂಡು ಹಡಗು ಓದುತ್ತಾಳಂತೆ!

ಮಾರ್ಚ್ ೬

ಅವಳು ಸ್ನಾನಕ್ಕೆ ಹೋಗಿದ್ದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ಹಡಗನ್ನು ತೆಗೆದೆ, ನೆಗ್ಲಿಜೆನ್ಸ್ ಒತ್ತಿದೆ. ಸೇವ್ ಮಾಡಲಾ ಅಂತ ಕೇಳಿತು. ಯೆಸ್.

ಬಿ.ಎ.ಯಲ್ಲಿ ಒಂದು ಇಂಗ್ಲಿಷ್ ನಾಟಕವಿತ್ತು, ರಿವೆಂಜ್ ಬಗ್ಗೆ. ಕೊನೆಯಲ್ಲಿ ಎಲ್ಲರೂ ಸಾಯುತ್ತಾರೆ. ಯಾರು ಯಾರನ್ನು ಕೊಂದರೋ... ಹತ್ತು ಅಂಕಕ್ಕೆ ಬಂದಿತ್ತು, ಬರೆದಿದ್ದೆ ಕೂಡ.

ಇವತ್ತು ಊಟ ಸೇರಿತು.

ಮಾರ್ಚ್ ೧೨

ಮಗಳು ಮತ್ತೆ ನೋಡದೆ ಕಳಿಸಿದ್ದ ಪಟ್ಟಿಯನ್ನು ಅವಳ ಕಾಲೇಜಿನ ಪ್ರೊಫೆಸರ್ ಮೇಡಂ ವಾಪಸ್ ಕಳಿಸಿದ್ದಾರೆ. ನೆಗ್ಲಿಜೆನ್ಸ್ ಕ್ಲಾಸೂ ಎವಿಡೆನ್ಸ್ ಕ್ಲಾಸೂ ಒಂದೇ ಹೊತ್ತಿಗಂತೆ. ಎವಿಡೆನ್ಸ್ ಬಿಟ್ಟರೆ ಇಲ್ಲಿ ವರ್ಷ ಹೋಗುತ್ತದಂತೆ. ಶುಕ್ರವಾರ ಸಂಜೆ ಐದರೊಳಗೆ ಸರಿಮಾಡಿ ಕಳಿಸದಿದ್ದರೆ ಸೀಟು ಇನ್ನೊಬ್ಬರಿಗೆ.

ಮಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತರಕಾರಿ ಹೆಚ್ಚುತ್ತಲೇ ಕೇಳಿದಳು.

"ನೀವು ತಾನೇ?"

"ಹೂಂ, ನಾನೇ. ಅಮ್ಮನಿಗೋಸ್ಕರ ಒಂದು ಕೋರ್ಸ್ ಓದಕ್ಕಾಗಲ್ವಾ ನಿನಗೆ?"

"ಓದಿ ಏನ್ ಮಾಡ್ಲಿ? ಕೇಸ್ ಹಾಕೋಕಿದ್ದ ಎರಡು ವರ್ಷದ ಗಡುವು ಹೋದ ತಿಂಗಳೇ ಮುಗೀತು ಅಪ್ಪಾ."

ಗಡುವು! ಸೇಡಿಗೂ ಗಡುವೇ?

"ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹೇಳಿದ್ರೆ ಮಾರನೇ ದಿನವೇ ಕೋರ್ಟಿಗೆ ಓಡ್ತಿದ್ರಿ. ಆಮೇಲೆ ಹತ್ತು ವರ್ಷ ಅಮ್ಮ ಅದೇ ಆಪರೇಷನ್ ಟೇಬಲ್ ಮೇಲೆ ಮಲಗಿರ್ಬೇಕಿತ್ತು. ತಾರೀಖು ತಾರೀಖಿಗೂ ಅವಳ ಹೊಟ್ಟೆ ಬಿಚ್ಚಿ ತೋರಿಸ್ಬೇಕಿತ್ತು. ನನಗೆ ಬೇಡ ಅನ್ನಿಸ್ತು."

"ನಿನಗೆ ಬೇಡ. ನನಗೆ?"

ಚಾಕು ಕೆಳಗಿಟ್ಟಳು.

ಮಾರ್ಚ್ ೧೩

ಪಾರ್ಕಿಗೆ ಹೋಗಲಿಲ್ಲ. ಬಿಳಿ ಶೂ ಮೇಲಿದ್ದ ಉರಿಯೆಲ್ಲ ಅಡುಗೆಮನೆ ಕಡೆ ತಿರುಗಿದೆ. ಅವನು ಅಪರಿಚಿತ, ಸರಿ. ಇವಳು? ಮಾತು ಬಿಟ್ಟಿದ್ದೇನೆ. ಆದರೂ ಬಡಿಸಿದ್ದನ್ನು ತಿನ್ನುತ್ತೇನೆ, ಥೂ.

ಮಾರ್ಚ್ ೧೫, ಶುಕ್ರವಾರ, ಸಂಜೆ ನಾಲ್ಕೂವರೆ

ಪಟ್ಟಿ ಸರಿಮಾಡಿದ್ದಾಳೆ. ಹಡಗು ವಾಪಸ್ ಬಂದಿದೆ. ಕಳಿಸುವುದಕ್ಕೆ ಒಂದೇ ಅಡ್ಡಿ — ತಿದ್ದಿದ ಪಟ್ಟಿಗೆ ಪೋಷಕರ ಒಪ್ಪಿಗೆ ಬೇಕಂತೆ, ಅವರ ಮೊಬೈಲಿಗೆ ಓಟಿಪಿ ಬರುತ್ತದೆ, ಅದನ್ನು ಹಾಕಬೇಕು. ಪೋಷಕ ನಾನು. ಮೊಬೈಲು ನನ್ನ ಜೇಬಿನಲ್ಲಿದೆ. ದೇವರಿದ್ದಾನೆ.

ಹಾಲ್‌ನಿಂದ ಕೂಗಿದಳು. "ಅಪ್ಪಾ, ಬಂತಾ?"

ಬಂದಿದೆ. ಆರು ಅಂಕಿ.

"ಇಲ್ಲ" ಅಂದೆ.

ಗಡುವು ಜಾರಲಿ ಎಂದು ಅವಳು ಸುಮ್ಮನೆ ಕೂತಳಲ್ಲ, ನಾನೂ ಕೂರುತ್ತೇನೆ. ಟಿಟ್ ಫಾರ್ ಟ್ಯಾಟ್. ಐದು ಹೊಡೆಯಲಿ. ಕಾಯುವುದು, ಕೈತಪ್ಪುವುದು, ಹೇಗಿರುತ್ತದೆಂದು ಗೊತ್ತಾಗಲಿ...

ಮತ್ತೆ ಒತ್ತಿದಳು. ಇನ್ನೊಂದು ನಂಬರು ಬಂತು. ಜೇಬಿನಲ್ಲಿ ಟಿಣ್ ಅಂದಿದ್ದು ಅವಳಿಗೂ ಕೇಳಿಸಿರಬೇಕು.

ಈಗ ಕೂಗುತ್ತಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ನನ್ನ ಮಂಚದ ತುದಿಯಲ್ಲೇ ಕೂತಿದ್ದಾಳೆ. ಮೊಬೈಲು ಕೊಡಿ ಅನ್ನಲಿಲ್ಲ. ಅಳುತ್ತಲೂ ಇಲ್ಲ.

"ನೀವಾಗಿ ಹೇಳಿದ್ರೆ ಹಾಕ್ತೀನಿ. ಇಲ್ಲಾಂದ್ರೆ ಮುಚ್ಚಿಡ್ತೀನಿ. ಜಗಳ ಮಾಡಲ್ಲ ಅಪ್ಪಾ."

ಇದು ಯಾವ ಸೀಮೆಯ ವಕೀಲಿಕೆ! ಎದುರಾಳಿಯ ಕೈಗೇ ತೀರ್ಪು ಕೊಟ್ಟು ಕೂತಿದ್ದಾಳೆ. ಬರೆಯುತ್ತ ತಲೆ ತಗ್ಗಿಸಿದ್ದೇನೆ, ಮುಖ ನೋಡುವ ಹಾಗಿಲ್ಲ. ನೋಡಿದರೆ ಸೋತೆ.

ಜೇಬಿನಿಂದ ಮೊಬೈಲು ತೆಗೆದೆ. ಮೊದಲ ಅಂಕಿ, "ಏಳು" ಅಂದೆ.

"ಹೂಂ."

"ಮೂರು."

ಒತ್ತಿದಳು. ಇನ್ನೂ ನಾಲ್ಕಿವೆ. ಈಗಲೂ ತಪ್ಪು ಹೇಳಬಹುದು. ಮುಂದಿನದು ಒಂಬತ್ತು. "ಒಂಬತ್ತು" ಅಂದೆ.