ಈ ಸಲ ಪಟ್ಟಿ ಹಿಂತಿರುಗಿ ಬರುವುದಿಲ್ಲ

ಜೂನ್ ತಿಂಗಳ ಎರಡನೆಯ ಭಾನುವಾರ,
ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ

ಮಾತು ಬಿಟ್ಟರೂ ಮನಸ್ಸಿನಿಂದ ಬಿಟ್ಟುಹೋಗದ ನನ್ನ ತಮ್ಮನಿಗೆ, ದೂರದಿಂದಲೇ ತಲೆಯ ಮೇಲೆ ಕೈಯಿಟ್ಟು ಅಕ್ಕ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಪೊಟ್ಟಣ ತಲುಪಿತು. ಎಂದಿನಂತೆ ಅದರೊಳಗೆ, ಕರುಳಿನ ಉಬ್ಬನ್ನು ಒತ್ತಿಹಿಡಿಯಲು ನೀನು ಸೊಂಟಕ್ಕೆ ಬಿಗಿಯುವ ಹರ್ನಿಯಾ ಪಟ್ಟಿ ಇತ್ತು. ಎಂದಿನಂತೆ ಒಂದು ಸಾಲು ಬರಹವೂ ಇರಲಿಲ್ಲ. ನೀನು ಈ ಮನೆಯ ಹೊಸಿಲು ದಾಟಿ ಹೋದಂದಿನಿಂದ ನಮ್ಮಿಬ್ಬರ ನಡುವೆ ಓಡಾಡುತ್ತಿರುವುದು ಈ ಪಟ್ಟಿಯೊಂದೇ. ವರ್ಷಕ್ಕೊಮ್ಮೆ ನೀನು ಕಳಿಸುತ್ತೀಯೆ. ನಾನು ಸವೆದ ಹೊಲಿಗೆ ಬಿಚ್ಚಿ, ಮೆತ್ತೆಗೆ ಹೊಸ ಹತ್ತಿ ತುಂಬಿ, ಮತ್ತೆ ಹೊಲಿದು ಹಿಂದಕ್ಕೆ ಕಳಿಸುತ್ತೇನೆ. "ಪಟ್ಟಿಯಕ್ಕಾ, ನಿಮ್ಮ ಮೂಗ ಗಿರಾಕಿ ಬಂದ" ಎಂದು ಅಂಚೆಯವನು ಬಾಗಿಲಲ್ಲೇ ಕೂಗುತ್ತಾನೆ. ಅವನು ಗಿರಾಕಿಯಲ್ಲ, ನನ್ನ ಒಡಹುಟ್ಟಿದವನು ಎಂದು ನಾನು ಇದುವರೆಗೆ ತಿದ್ದಿಲ್ಲ. ನಾಲಿಗೆಯ ತುದಿಯವರೆಗೆ ಬಂದು ನಿಂತದ್ದುಂಟು.

ಈ ಸಲ ಪಟ್ಟಿ ಹಿಂತಿರುಗಿ ಬರುವುದಿಲ್ಲ. ಅದರ ಸ್ಥಾನದಲ್ಲಿ ಈ ಪತ್ರ ಬಂದಿದೆ. ಮುಖ ಸಿಂಡರಿಸಿಕೊಂಡು ಇದನ್ನು ಮಡಚಿಡುವ ಮುನ್ನ ಕೊನೆಯವರೆಗೆ ಓದು. ಹಿರಿಯಳೆಂಬ ಅಧಿಕಾರದಿಂದ ನಾನು ಕೇಳುವುದು ಇಷ್ಟೇ.

ನೀನು ಹೋದ ದಿನದ ಮಾತು ನನಗೆ ಅಕ್ಷರಶಃ ನೆನಪಿದೆ. ನಮ್ಮ ಪಟ್ಟಿ ಅಂಗಡಿಯಲ್ಲಿ ಅಪ್ಪನ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, "ಈ ಅಂಗಡಿ ಜನರ ನೋವಿನ ಮೇಲೆ ನಿಂತಿದೆ ಅಕ್ಕಾ. ಅವರಿಗೆ ಆಪರೇಷನ್ ಆದ್ರೆ ವಾಸಿ ಆಗುತ್ತೆ. ನಾವು ಪಟ್ಟಿ ಕಟ್ಟಿ ಕಳಿಸ್ತೀವಿ" ಎಂದೆ. ನಾನೂ ಬಿಡಲಿಲ್ಲ. "ಆಪರೇಷನ್ ದುಡ್ಡು ಯಾರು ಕೊಡ್ತಾರೆ, ನೀನಾ?" ಎಂದೆ. ಅಂದು ನಾವಿಬ್ಬರೂ ಆಡಿದ್ದು ಸತ್ಯವೇ. ಎರಡು ಸತ್ಯಗಳು ಒಂದೇ ಚಾವಣಿಯ ಕೆಳಗೆ ಬಾಳಲಾರದೆ ಒಂದು ಹೊರಟುಹೋಯಿತು. ಆಮೇಲೆ ಮನೆಸಾಮಾನು ಸಾಗಿಸುವ ಕೆಲಸಕ್ಕೆ ಸೇರಿ, ಮಂದಿಯ ಬೀರುಗಳನ್ನು ಮಹಡಿಗೆ ಹೊತ್ತು ಹೊತ್ತು, ನೀನೇ ಈ ಅಂಗಡಿಯ ಪಟ್ಟಿಗೆ ಸೊಂಟ ಕೊಟ್ಟೆ. ನಾನು ನಗಲಿಲ್ಲ. ದೇವರಾಣೆಗೂ ನಗಲಿಲ್ಲ.

ಈಗ ಪಟ್ಟಿಯ ವಿಷಯ. ಮೊದಲ ವರ್ಷ ಮೆತ್ತೆಯಲ್ಲಿ ಕಿರುಬೆರಳೂರಿದಷ್ಟು ಗುಳಿ ಬಿದ್ದಿತ್ತು. ಹೋದ ವರ್ಷ ಅಂಗೈಯನ್ನು ಬಟ್ಟಲಾಗಿಸಿ ಇಟ್ಟರೆ ಸರಿಹೊಂದುವಂತಿತ್ತು. ಈ ವರ್ಷ ನೀನು ಮೊಳೆಯಿಂದ ಹೊಸ ತೂತು ಕೊರೆದುಕೊಂಡಿದ್ದೀಯೆ. ಅಷ್ಟು ಬಿಗಿದರೂ ಸಾಲದೆ ಮೆತ್ತೆಯ ಅಡಿಗೆ ಹಳೆಯ ಅಂಗಿಯ ತೋಳನ್ನು ಮಡಚಿ ತುರುಕಿದ್ದೀಯೆ. ಹಾಗೆ ತುರುಕಬೇಕಾಗಿ ಬಂದದ್ದೇಕೆಂದು ನೀನು ಬರೆಯದಿದ್ದರೂ ನನಗೆ ತಿಳಿಯಿತು. ಮಲಗಿದರೂ ಕರುಳು ತಾನಾಗಿ ಒಳಸರಿಯುತ್ತಿಲ್ಲ, ಅಲ್ಲವೇ? ಕೈಯಿಂದ ಒತ್ತಿ ಕಳಿಸುತ್ತಿದ್ದೀಯೆ, ಅಲ್ಲವೇ?

ಇಂಥ ಪಟ್ಟಿಯನ್ನು ನಾನು ಹೊಲಿದು ಕಳಿಸಿದರೆ, ನಿನ್ನ ಸೊಂಟಕ್ಕೆ ಧೈರ್ಯವನ್ನಲ್ಲ, ಅಪಾಯವನ್ನು ಕಟ್ಟಿದಂತಾಗುತ್ತದೆ.

ನಿನಗೆ ಗೊತ್ತಿರಬಹುದು, ಗೊತ್ತಿಲ್ಲದಿರಲೂಬಹುದು. ಸರ್ಕಾರದ ಆರೋಗ್ಯ ವಿಮೆ ಮೊದಲಿನಂತಿಲ್ಲ. ಹಿಂದೆ ಅದು ತಿಂಗಳ ಸಂಬಳದವರಿಗೆ ಮಾತ್ರ ಇತ್ತು. ಕಾಯ್ದೆಯನ್ನು ವಿಸ್ತರಿಸಿದ ಮೇಲೆ ದಿನಗೂಲಿಯವರು, ಸಣ್ಣ ಅಂಗಡಿಯವರು, ದುಡಿಮೆ ನಿಲ್ಲಿಸಿದ ವೃದ್ಧರು, ಎಲ್ಲರೂ ಅದರ ನೆರಳಿಗೆ ಬಂದಿದ್ದಾರೆ. ನೀನೂ ಬಂದಿದ್ದೀಯೆ. ನೀನು ಬಂದಿರುವುದು ನಿನಗೊಬ್ಬನಿಗೇ ತಿಳಿದಂತಿಲ್ಲ.

ನಮ್ಮ ಬೀದಿಯಲ್ಲಿ ಮೊದಲು ಧೈರ್ಯ ಮಾಡಿದವನು ಬೇಕರಿಯವನು. ಹಿಟ್ಟಿನ ಮೂಟೆ ಎತ್ತುವಾಗಲೆಲ್ಲ ಉಸಿರು ಬಿಗಿಹಿಡಿದು, ಒಂದು ಕೈಯನ್ನು ತೊಡೆಸಂದಿಗೆ ಒತ್ತಿಕೊಳ್ಳುತ್ತಿದ್ದನಲ್ಲ, ಅವನೇ. ಸರದಿ ಬರಲು ತಿಂಗಳುಗಟ್ಟಲೆ ಕಾದ. ಕಾದಷ್ಟು ದಿನವೂ ನನ್ನ ಅಂಗಡಿಗೆ ಬಂದು ಸರ್ಕಾರವನ್ನು ಬೈದ. ಆಪರೇಷನ್ ಆಗಿ ಕೆಲವು ವಾರಗಳ ಬಳಿಕ ತನ್ನ ಪಟ್ಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, "ತಗೋಳಿ ಪಟ್ಟಿಯಕ್ಕಾ, ನಿಮ್ಮ ಮಗಳನ್ನ ತವರಿಗೆ ಬಿಟ್ಟು ಹೋಗ್ತಿದೀನಿ. ಚೆನ್ನಾಗೇ ನೋಡ್ಕೊಂಡ್ಳು. ಆದ್ರೆ ಇನ್ನು ನಮಗೆ ಹೊಂದಲ್ಲ" ಎಂದ. ನಾನು ನಕ್ಕೆ. ಅವನು ಹೋದ ಮೇಲೆ ಆ ಪಟ್ಟಿಯನ್ನು ಅಪ್ಪನ ಕಾಲದ ಮೊಳೆಗೆ ನೇತುಹಾಕಿದೆ. ಅವನನ್ನು ನೋಡಿ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೊಬ್ಬಳು. ಈಗ ಆ ಗೋಡೆಯಲ್ಲಿ ಮೊಳೆಗೆ ಜಾಗವಿಲ್ಲ.

ನಿಜ ಹೇಳಬೇಕೆಂದರೆ, ಗೋಡೆ ತುಂಬುತ್ತ ಬಂದಂತೆ ನನ್ನ ಹೊಟ್ಟೆಯಲ್ಲಿ ಭಯವೂ ತುಂಬಿತು. ಹೊಸ ಪಟ್ಟಿ ಕೇಳುವವರಿಲ್ಲ. ಪ್ರಾರ್ಥನೆಗೆ ಕುಳಿತು, ಎಲ್ಲರನ್ನೂ ಗುಣಪಡಿಸು ಎಂದು ಬೇಡುವಾಗ, ಸ್ವಲ್ಪ ನಿಧಾನವಾಗಿ ಗುಣಪಡಿಸಿದರೂ ಅಡ್ಡಿಯಿಲ್ಲ ಎಂಬ ಒಂದು ಆಲೋಚನೆ ನುಸುಳಿತು. ಭಗವಂತ ಅದನ್ನು ಕೇಳಿಸಿಕೊಳ್ಳದಿದ್ದುದು ಅವನ ದೊಡ್ಡತನ.

ಆ ದಿನಗಳಲ್ಲಿಯೇ ಆಸ್ಪತ್ರೆಯ ಶಸ್ತ್ರವೈದ್ಯೆ ಅಂಗಡಿಯನ್ನು ಹುಡುಕಿಕೊಂಡು ಬಂದರು. ವಯಸ್ಸಿನಲ್ಲಿ ನನಗೆ ಮಗಳಾಗಬಹುದು. "ನನ್ನ ಹತ್ರ ಬರೋರ ಪಟ್ಟಿಲೆಲ್ಲ ಒಂದೇ ಥರ ಹೊಲಿಗೆ. ಯಾರು ಈ ಕೈಯವರು ಅಂತ ನೋಡೋಕೆ ಬಂದೆ" ಎಂದರು. ನಾನು ಅಂಜಿದೆ. ಅವರು ಬೈಯಲು ಬಂದಿರಲಿಲ್ಲ. ಆಪರೇಷನ್ ಆದವರು ಗಾಯ ಮಾಗುವವರೆಗೆ ಹೊಟ್ಟೆಗೆ ಸುತ್ತಿಕೊಳ್ಳುವ ಮೃದುವಾದ ಪಟ್ಟಿ ಹೊಲಿದುಕೊಡುವಿರಾ ಎಂದು ಕೇಳಲು ಬಂದಿದ್ದರು. ಅಂದಿನಿಂದ ಅಪ್ಪನ ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡುತ್ತಿದೆ.

ಅವರನ್ನು ಕೂರಿಸಿ, ಈ ವಿಮೆಯಿಂದ ಖಜಾನೆ ಬರಿದಾಗುತ್ತದೆ ಎಂದು ಪತ್ರಿಕೆಗಳು ಬರೆಯುತ್ತಿವೆಯಲ್ಲ, ಹೌದೇ ಎಂದು ವಿಚಾರಿಸಿದೆ. ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು: "ಮೊದಲನೇ ವರ್ಷ ಖರ್ಚು ಏರಿದ್ದು ನಿಜ. ವರ್ಷಗಟ್ಟಲೆ ಮುಚ್ಚಿಟ್ಕೊಂಡಿದ್ದ ಕಾಯಿಲೆಗಳೆಲ್ಲ ಒಟ್ಟಿಗೆ ಬಾಗಿಲು ತಟ್ಟಿದ್ವು. ನಮಗೆ ಊಟಕ್ಕೂ ಬಿಡುವಿರಲಿಲ್ಲ. ಒಟ್ಟು ಲೆಕ್ಕ ಮುಂದೆ ಇಳಿಯುತ್ತಾ ಅಂದ್ರೆ ನಾನು ಹೇಳಲಾರೆ. ಆದ್ರೆ ಒಂದು ಗೊತ್ತು. ಮೊದಲು ಜನರನ್ನ ಹೊತ್ಕೊಂಡು ಬರ್ತಿದ್ರು, ಈಗ ಅವರೇ ನಡ್ಕೊಂಡು ಬರ್ತಾರೆ." ಕರುಳು ಸಿಕ್ಕಿಕೊಂಡು ಕಪ್ಪಾದ ಮೇಲೆ ಬಂದವನು ವಾರಗಟ್ಟಲೆ ಮಲಗಬೇಕು, ಖರ್ಚು ಹಲವು ಪಟ್ಟು, ಉಳಿಯುವ ಭರವಸೆಯೂ ಇಲ್ಲ, ಕಾಲವಿರುವಾಗ ಬಂದವನು ಮರುದಿನವೇ ಮನೆಗೆ ಹೋಗುತ್ತಾನೆ ಎಂದೂ ವಿವರಿಸಿದರು.

ಮೊನ್ನೆ ಹೊಲಿದ ಪಟ್ಟಿಗಳನ್ನು ಒಯ್ಯಲು ಬಂದಾಗ ಅವರ ಕಣ್ಣು ಮೇಜಿನ ಮೇಲಿದ್ದ ನಿನ್ನ ಪಟ್ಟಿಯ ಮೇಲೆ ಬಿತ್ತು. ಕೈಗೆತ್ತಿಕೊಂಡರು. ಮಡಚಿಟ್ಟ ಆ ಅಂಗಿಯ ತೋಳನ್ನು ಹೊರಗೆಳೆದು ನೋಡಿದರು. ಮುಖದ ನಗು ಹೋಯಿತು. "ಇದನ್ನ ಕಟ್ಕೊಂಡಿರೋರು ಇನ್ನೂ ಭಾರ ಎತ್ತುತಾರಾ?" ಎಂದು ಕೇಳಿದರು. ಹೌದೆಂದೆ. "ಅವರನ್ನ ಕರೆಸಿ. ಇದನ್ನ ಮಾತ್ರ ವಾಪಸು ಕೊಡಬೇಡಿ" ಎಂದರು.

ಆದುದರಿಂದ ಕೊಡುತ್ತಿಲ್ಲ.

ನೀನು ಹೆದರುಪುಕ್ಕಲನೆಂದು ನಾನು ಹೇಳುತ್ತಿಲ್ಲ. ಹೆದರಿಕೆ ಎಂಥವರಿಗೂ ಸಹಜ. ನನಗೆ ಗೊತ್ತಿರುವ ಒಬ್ಬ ವೃದ್ಧೆ ಇದ್ದಾಳೆ. ಹೊಕ್ಕುಳ ಬಳಿ ನಿಂಬೆಯ ಗಾತ್ರದ ಉಬ್ಬನ್ನು ವರ್ಷಾನುಗಟ್ಟಲೆ ಬಟ್ಟೆಯ ಮರೆಯಲ್ಲಿ ಅಡಗಿಸಿಟ್ಟಿದ್ದಳು. ಊರವರಿಗೆಲ್ಲ ಆಸ್ಪತ್ರೆಗೆ ಹೋಗಿರೆಂದು ಉಪದೇಶ ಮಾಡುತ್ತಿದ್ದವಳು ತಾನು ಮಾತ್ರ ಚಳಿಗಾಲದವರೆಗೆ ಹೋಗಲಿಲ್ಲ. ಹೋದ ದಿನವೂ ಬಚ್ಚಲಿನೊಳಗೆ ಸೇರಿ ಅಗುಳಿ ಹಾಕಿಕೊಂಡು, ಬಲ್ಲ ಸ್ತೋತ್ರಗಳನ್ನೆಲ್ಲ ಹೇಳಿ ಮುಗಿಸುವವರೆಗೆ ಹೊರಬರಲಿಲ್ಲ. ಅರಿವಳಿಕೆ ಕೊಡುವವನನ್ನು ತಡೆದು, "ಮಲಗಿಸೋದು ಪುಕ್ಕಟೆ ಅಂದ್ರಿ, ಎಬ್ಬಿಸೋಕೆ ಬೇರೆ ದುಡ್ಡಾ?" ಎಂದು ಕೇಳಿದಳು. "ಅಜ್ಜೀ, ಹೋಗೋದೂ ಬರೋದೂ ಎರಡೂ ವಿಮೆಲೇ ಸೇರಿದೆ, ಸುಮ್ನೆ ಮಲಗಿ" ಎಂದು ನರ್ಸ್ ಗದರಿಸಿದಳಂತೆ. ಜೊತೆಗೆ ಯಾರಿದ್ದಾರೆ ಎಂದು ವಿಚಾರಿಸಿದಾಗ, ನಮ್ಮವರು ಬರುತ್ತಿದ್ದಾರೆ ಎಂದಳು. ನರ್ಸ್ ನಂಬಿ, ಹಾಸಿಗೆಯ ಪಕ್ಕ ಒಂದು ಕುರ್ಚಿ ತಂದಿಟ್ಟಳು. ಯಾರೂ ಬರಲಿಲ್ಲ. ಆದರೂ ಮರುದಿನ ಆ ವೃದ್ಧೆ ತನ್ನ ಕಾಲಮೇಲೆ ತಾನೇ ನಡೆದು ಮನೆಗೆ ಬಂದಳು. ಈಗ ನೆಟ್ಟಗೆ ನಿಂತು ನೀರು ತರುತ್ತಾಳೆ.

ಬರುವ ತಿಂಗಳ ಮೊದಲ ಸೋಮವಾರ ವೈದ್ಯೆ ನಿನ್ನನ್ನು ಪರೀಕ್ಷಿಸುತ್ತಾರೆ. ನಿನ್ನ ವಿಮೆ ಯಾವ ಊರಿನಲ್ಲಾದರೂ ನಡೆಯುತ್ತದೆ. ಅಲ್ಲಿಯವರೆಗೆ ಒಂದು ಕುರ್ಚಿಯನ್ನೂ ಎತ್ತಬೇಡ. ಉಬ್ಬು ಗಟ್ಟಿಯಾಗಿ ನೋಯತೊಡಗಿದರೆ, ಅಥವಾ ವಾಂತಿಯಾದರೆ, ನನ್ನ ಸೋಮವಾರಕ್ಕೆ ಕಾಯದೆ ಅಲ್ಲಿಯ ಆಸ್ಪತ್ರೆಗೇ ಆ ಕ್ಷಣ ಹೋಗು. ಯಜಮಾನ ಗೊಣಗಿದರೆ, ನಮ್ಮಕ್ಕ ಪಟ್ಟಿ ಕಿತ್ತುಕೊಂಡಳು ಎಂದು ನನ್ನ ಮೇಲೆ ಹಾಕು. ನಿನ್ನ ಹಳೆಯ ಪಟ್ಟಿಗೆ ನಾನು ಹಾಕಿ ಕಳಿಸಿದ್ದ ಹಿತ್ತಾಳೆ ಬಕಲ್ ಅಪ್ಪನ ಕಾಲದ್ದಲ್ಲವೇ. ಅದನ್ನು ಬಿಚ್ಚಿ, ಉಜ್ಜಿ, ಆಪರೇಷನ್ ಆದ ಮೇಲೆ ನೀನು ಸುತ್ತಿಕೊಳ್ಳಬೇಕಾದ ಮೃದುಪಟ್ಟಿಗೆ ಹೊಲಿದಿಟ್ಟಿದ್ದೇನೆ. ಅಳತೆ ಕೇಳುವ ಅಗತ್ಯ ನನಗೆಂದೂ ಬಿದ್ದಿಲ್ಲ.

ಅಂದು ನೀನು ಆಡಿದ ಮಾತು ಇಂದು ನಡೆಯುವ ಕಾಲ ಬಂದಿದೆ. ಗೆದ್ದವನು ನೀನೇ ಎಂದು ಅಂಗಡಿಯ ನಡುವೆ ನಿಂತು ಹೇಳು, ಬೇಕಾದರೆ ಕತ್ತರಿಯನ್ನೂ ಕುಕ್ಕು. ಬಂದು ಹೇಳು, ಅಷ್ಟೇ.

ಭಗವಂತ ನಿನ್ನ ದಾರಿಯನ್ನು ಕಾಯಲಿ.

ಇಂತು ನಿನ್ನ ಬರುವಿಕೆಯನ್ನು ಹಾರೈಸುವ,
ಅಕ್ಕ

ಮರೆತ ಮಾತು: ನನಗೆ ಗೊತ್ತಿರುವ ಒಬ್ಬ ವೃದ್ಧೆ ಎಂದು ಬರೆದದ್ದು ಸುಳ್ಳಲ್ಲ, ಅವಳನ್ನು ನನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಓದುತ್ತ ನಕ್ಕಿದ್ದರೆ ನಿನ್ನ ಅಕ್ಕನನ್ನು ನೋಡಿಯೇ ನಕ್ಕಂತಾಯಿತು, ಅದಕ್ಕೆ ಕ್ಷಮೆಯಿದೆ. ಸುಳ್ಳು ಹೇಳಿದ್ದು ಆ ನರ್ಸ್‌ಗೆ. ದೇವರ ನಾಮ ಹೇಳುವ ಬಾಯಿಂದಲೇ, "ನನ್ನ ತಮ್ಮ ಬರ್ತಾ ಇದ್ದಾನೆ, ದಾರಿಲಿದ್ದಾನೆ" ಎಂದುಬಿಟ್ಟೆ. ಎಚ್ಚರವಾದಾಗ ಕುರ್ಚಿ ಇನ್ನೂ ಅಲ್ಲೇ ಇತ್ತು. ನಿನ್ನೆ ಇನ್ನಷ್ಟು ಪಟ್ಟಿ ಕೊಡಲು ವಾರ್ಡಿಗೆ ಹೋಗಿದ್ದಾಗ ಅವಳು, "ಅಜ್ಜೀ, ನಿಮ್ಮ ತಮ್ಮ ಬಂದ್ರಾ?" ಎಂದು ಕೇಳಿದಳು. ಸೋಮವಾರ ಬರುತ್ತಾನೆ ಎಂದಿದ್ದೇನೆ. ಈ ಸಲ ಕುರ್ಚಿಯಲ್ಲಿ ಕೂರುವವಳು ನಾನು.