ನೀರು: ನನ್ನ ಪ್ರತಿ

ಅಣ್ಣಾ,

ಮೊದಲು ‘ಪ್ರೀತಿಯ’ ಎಂದು ಬರೆದೆ, ಹೊಡೆದುಹಾಕಿದೆ, ಆಮೇಲೆ ಕಾಗದವನ್ನೇ ಬದಲಿಸಿದೆ. ಬರೀ ಅಣ್ಣ ಎಂದಷ್ಟೇ ಇರಲಿ. ಅದನ್ನು ಹೊಡೆದುಹಾಕಲು ನನ್ನಿಂದಲೂ ಆಗದು, ನಿನ್ನಿಂದಲೂ ಆಗದು.

ಮೊನ್ನೆ ನೀನು ಫೋನಿನಲ್ಲಿ ಕೂಗಾಡಿ, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲ, ಅದೊಂದು ಅನುಕೂಲ.

ಅಪ್ಪನಿಗೆ ಮರೆವಿನ ಕಾಯಿಲೆ ಹಿಡಿದು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ನೀನು ಬಂದದ್ದು ಎರಡೇ ಸಲ, ಎರಡು ಸಲವೂ ಷೂ ಬಿಚ್ಚದೆ ಬಾಗಿಲಲ್ಲೇ ನಿಂತು ಹೋದವನು. ಈ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಪ್ರತಿ ಭಾನುವಾರ ಬರತೊಡಗಿದೆ. ಹಣ್ಣು ತಂದೆ. ಅಪ್ಪನ ಪಕ್ಕ ಕೂತು ಅವನ ಉಗುರು ಕತ್ತರಿಸಿದೆ. ನಾನು ಪಕ್ಕದ ಮನೆಯವರ ಮುಂದೆ ಉಬ್ಬಿಹೋದೆ. “ಎಷ್ಟಾದ್ರೂ ಹೆತ್ತ ಮಗ ಅಲ್ವಾ, ಕರುಳು ಎಳೆಯುತ್ತೆ” ಎಂದೆ. ಈಗ ಆ ಮಾತು ನೆನಪಾದರೆ ನಾಲಿಗೆಯನ್ನು ಸೋಪು ಹಾಕಿ ತೊಳೆಯಬೇಕು ಅನಿಸುತ್ತದೆ.

“ಅಪ್ಪನ ಲ್ಯಾಪ್‌ಟಾಪಲ್ಲಿ ಅಮ್ಮನ ಫೋಟೋ ಎಲ್ಲಾ ಇದೆ ಕಣೇ. ಪಾಸ್‌ವರ್ಡ್ ಅಪ್ಪಂಗೊಬ್ಬಂಗೇ ಗೊತ್ತು. ಪೂರ್ತಿ ಮರ್ತುಬಿಡೋ ಮುಂಚೆ ತೆಗೆಸ್ಕೊಂಡ್ಬಿಡೋಣ” ಎಂದೆ ನೀನು. ಅಮ್ಮ ಹೋಗಿ ಏಳು ವರ್ಷ. ನನ್ನ ಹತ್ತಿರ ಇರುವುದು ಅವಳ ಒಂದೇ ಒಂದು ಫೋಟೋ, ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಾಳೆ. ಅದು ನಿನಗೆ ಗೊತ್ತಿತ್ತು. ಎಲ್ಲಿ ಒತ್ತಿದರೆ ನನಗೆ ನೋಯುತ್ತದೆ ಎನ್ನುವುದು ಚಿಕ್ಕಂದಿನಿಂದಲೂ ನಿನಗೆ ಗೊತ್ತು.

ಪಾಸ್‌ವರ್ಡ್ ಮರೆತವರಿಗೆ ಪರದೆಯ ಮೇಲೆ ಮೂರು ಪ್ರಶ್ನೆ ಬರುತ್ತಿದ್ದವು, ಒಂದಕ್ಕೆ ಸರಿಯುತ್ತರ ಕೊಟ್ಟರೂ ಸಾಕಿತ್ತು. ನಿಮ್ಮ ಮೊದಲ ಶಾಲೆ ಯಾವುದು? ಬಾಲ್ಯದ ಗೆಳೆಯನ ಹೆಸರೇನು? ನಿಮಗೆ ಇಷ್ಟವಾದ ಮೇಷ್ಟ್ರು ಯಾರು? ಅಪ್ಪನೇ ಎಂದೋ ಆರಿಸಿಟ್ಟುಕೊಂಡಿದ್ದ ಪ್ರಶ್ನೆಗಳು. ಎಂದೂ ಮರೆಯಲಾರೆ ಎಂದುಕೊಂಡಿದ್ದನೇನೋ. ನೀನು ಅವನ ಮಂಡಿಗೆ ಮಂಡಿ ತಾಗಿಸಿ ಕೂತು ಕೇಳುತ್ತಿದ್ದೆ. ಶಾಲೆ ಎಂದರೆ ಅಪ್ಪನ ಮುಖ ಅರಳುತ್ತಿತ್ತು. “ಅಲ್ಲಿ ಗಂಟೆ ಒಡೆದಿತ್ತು. ಬಡಿದ್ರೆ ತಟ್ಟೆ ಸದ್ದು ಬರೋದು.” ನೀನು, “ಗಂಟೆ ಕಟ್ಕೊಂಡು ಏನು ಮಾಡ್ಲಪ್ಪಾ, ಹೆಸರು ಹೇಳು!”

ಎರಡನೆಯ ಪ್ರಶ್ನೆ ಇನ್ನೂ ಹೊಲಸು. ಗೆಳೆಯ ಎಂದ ಕೂಡಲೇ ಅಪ್ಪ ಕೇಳುತ್ತಿದ್ದ, “ಅವನೆಲ್ಲಿ? ಯಾಕೆ ಇತ್ತೀಚೆಗೆ ಬಂದಿಲ್ಲ?” ನೀನು ಪರದೆಯಿಂದ ಕಣ್ಣೆತ್ತದೆ, “ಅವ್ರು ಸತ್ತು ಮೂವತ್ತು ವರ್ಷ ಆಯ್ತು ಅಂತ ನೀನೇ ಹೇಳ್ತಿದ್ದೆ. ಹೆಸರೇನು ಹೇಳು” ಎನ್ನುತ್ತಿದ್ದೆ. ಅಪ್ಪ ಅತ್ತ. ಮುಂದಿನ ಭಾನುವಾರ ಮತ್ತೆ ಕೇಳಿದೆ, ಮತ್ತೆ ಹೇಳಿದೆ, ಅವನು ಮತ್ತೆ ಅತ್ತ. ಒಬ್ಬನೇ ಗೆಳೆಯನನ್ನು ನನ್ನಪ್ಪನ ಪಾಲಿಗೆ ಐದು ಭಾನುವಾರ ಐದು ಸಲ ಸಾಯಿಸಿದೆ. ನಾನು ಪಕ್ಕದಲ್ಲೇ ನಿಂತು, “ನೆನಪಿಸ್ಕೋ ಅಪ್ಪಾ, ಅಮ್ಮನ ಫೋಟೋ ಇದೆ ಅಂತೆ” ಎಂದು ಪುಸಲಾಯಿಸುತ್ತಿದ್ದೆ. ನಿನ್ನ ಮೇಲಿನ ಅಸಹ್ಯದಲ್ಲಿ ನನ್ನ ಪಾಲೂ ಇದೆ ಎನ್ನುವುದನ್ನು ಇಲ್ಲೇ ಬರೆದುಬಿಡುತ್ತೇನೆ.

ಐದನೆಯ ಭಾನುವಾರ ನೀನು ಮೇಜು ಕುಟ್ಟಿದೆ. ಅಪ್ಪ ಬೆಚ್ಚಿದ. ಕೂತಲ್ಲೇ ಒದ್ದೆ ಮಾಡಿಕೊಂಡ. ಕುರ್ಚಿಯಿಂದ ನೆಲಕ್ಕೆ ಹನಿ ಬೀಳುತ್ತಿತ್ತು. ಅವನು ಎರಡೂ ಕೈಯಿಂದ ಪಂಚೆ ಮುದುಡಿ ಹಿಡಿದು ನನ್ನ ಕಡೆ ನೋಡಿದ, ತಪ್ಪು ಮಾಡಿದ ಮಗುವಿನ ಹಾಗೆ. ಆಗ ನೀನು ಏನು ಮಾಡಿದೆ ನೆನಪಿದೆಯಾ? ಮೂಗು ಮುಚ್ಚಿಕೊಂಡೆ. ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡೆ. ಅಪ್ಪನನ್ನಲ್ಲ, ಲ್ಯಾಪ್‌ಟಾಪನ್ನು. ನಾನು ನೆಲ ಒರೆಸಿದೆ.

ಆದರೂ ನನಗೆ ಬುದ್ಧಿ ಬರಲಿಲ್ಲ. ಅದೇ ಮಧ್ಯಾಹ್ನ ಅಪ್ಪನಿಗೆ ಸ್ನಾನ ಮಾಡಿಸುವಾಗ, ಅವನು ಹಿಂದೆ ಹೇಳುತ್ತಿದ್ದ ಮೇಷ್ಟ್ರ ಹೆಸರು ನನಗೇ ನೆನಪಾಯಿತು. ಒದ್ದೆ ಕೈಯಲ್ಲೇ ಓಡಿಬಂದು ನಿನಗೆ ಹೇಳಿದೆ. ಅವನ ಖಾತೆ ತೆರೆಯಿತು, ಲ್ಯಾಪ್‌ಟಾಪೂ ತೆರೆಯಿತು. ಒಳಗೆ ಒಂದೂ ಫೋಟೋ ಇರಲಿಲ್ಲ. ಒಂದು ಫೈಲಿಗೆ ಮಾತ್ರ ಬೇರೆಯದೇ ಪಾಸ್‌ವರ್ಡ್ ಇತ್ತು. “ಫೋಟೋ ಅದರಲ್ಲೇ ಇರುತ್ತೆ, ರಿಪೇರಿಯವನ ಹತ್ರ ತೆಗೆಸ್ತೀನಿ” ಎಂದು ನೀನು ಅದನ್ನು ಎತ್ತಿಕೊಂಡು ಹೋದೆ. ಮುಂದಿನ ಭಾನುವಾರ ನೀನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಪ್ಪನ ಉಗುರು ಮತ್ತೆ ಬೆಳೆಯಿತು.

ನಾನು ಕೆಲಸ ಮಾಡುವುದು ದಂತವೈದ್ಯರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ನಿನಗೆ ಗೊತ್ತಲ್ಲ, ಹಲ್ಲಿನ ಸೆಟ್ಟು ಕಟ್ಟುವ ಕೆಲಸ. ಅಲ್ಲಿಗೆ ಆ ರಿಪೇರಿಯವನು ಅವನ ತಾಯಿಯ ಸೆಟ್ಟು ತೆಗೆದುಕೊಂಡು ಹೋಗಲು ಬಂದ. ನೀನು ಲ್ಯಾಪ್‌ಟಾಪ್ ಕೊಟ್ಟದ್ದು ಅವನಿಗೇ ಎಂದು ನನಗೆ ಗೊತ್ತಿರಲಿಲ್ಲ. ಸೆಟ್ಟನ್ನು ಪೊಟ್ಟಣಕ್ಕೆ ಹಾಕಿ ಕೊಡುತ್ತಿದ್ದಾಗ ತಲೆ ಕೆರೆದುಕೊಂಡ.

“ಅಕ್ಕಾ, ನಿಮ್ಮ ತಂದೆಯವರ ಲ್ಯಾಪ್‌ಟಾಪ್ ನನ್ನ ಹತ್ರ ಇದೆ. ನಿಮ್ಮಣ್ಣ ಬಂದಿದ್ರು. ತೆಗೆಯೋಕಾದ್ರೆ ತೆಗಿ, ಆಗ್ಲಿಲ್ಲ ಅಂದ್ರೆ ಪೂರ್ತಿ ಅಳಿಸಿಬಿಡು ಅಂದ್ರು. ಅಳಿಸಿದ್ಮೇಲೆ ಫೋನ್ ಮಾಡು ಅಂತ ಎರಡು ಸಲ ಹೇಳಿದ್ರು. ನಂಗ್ಯಾಕೋ ಕೈ ಬರ್ಲಿಲ್ಲ.”

“ಅಮ್ಮನ ಫೋಟೋ ಇದೆ ಅದರಲ್ಲಿ. ಅಳಿಸಬೇಡಪ್ಪಾ.”

“ಫೋಟೋ ಇರೋ ಫೈಲು ಇಷ್ಟು ಚಿಕ್ಕದಿರಲ್ಲ ಅಕ್ಕಾ. ಇದು ಬರೀ ಅಕ್ಷರ, ಅಂಕಿ. ಫೈಲಿನ ಹೆಸರು ‘ನೀರು, ನನ್ನ ಪ್ರತಿ’ ಅಂತಿದೆ.”

ಕೊಡಬೇಕಾಗಿದ್ದ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಅಪ್ಪ ಊರಿನ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ನೀರು ಪರೀಕ್ಷೆ ಮಾಡಿದವನು. ನೀನು ಹೊಳೆಯ ಮೇಲ್ದಂಡೆಯ ಚರ್ಮದ ಕಾರ್ಖಾನೆಯ ಪರವಾಗಿ ಪತ್ರಿಕೆಯವರ ಹತ್ತಿರ ಬೆಣ್ಣೆಯಂಥ ಮಾತಾಡುವವನು. ಆ ಹೊಳೆಯ ನೀರೇ ನಲ್ಲಿಗೆ ಬರುವ ತಗ್ಗುಬೀದಿಯ ಮಕ್ಕಳ ಕೈಕಾಲಿಗೆ ಹುಣ್ಣಾಗುತ್ತಿದೆ ಎಂದು ಅಲ್ಲಿಯ ಶಾಲೆಯ ಟೀಚರು ನಿಮ್ಮ ಕಾರ್ಖಾನೆಯ ಮೇಲೆ ಕೇಸು ಹಾಕಿದ್ದು, ಅವರ ವಕೀಲರು ಬೇಸಿಗೆಗೆ ಮುಂಚೆ ನಮ್ಮ ಮನೆಗೆ ಬಂದು ಅಪ್ಪನ ಹತ್ತಿರ ಹಳೆಯ ಲೆಕ್ಕವೇನಾದರೂ ಇದೆಯಾ ಎಂದು ವಿಚಾರಿಸಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ನೀರಿನ ಆಫೀಸಿನವರು ತಮ್ಮ ದಾಖಲೆಗೆ ಗೆದ್ದಲು ಹತ್ತಿದೆ ಎಂದರಂತೆ. ನಾನು ಅದನ್ನು ನಿನಗೆ ತಮಾಷೆಯಾಗಿ ಹೇಳಿದ್ದೆ: “ಗೆದ್ದಲಿಗೂ ಓದೋಕೆ ಬರುತ್ತೆ ನೋಡು, ಬೇಕಾದ ವರ್ಷಗಳನ್ನೇ ಹುಡುಕಿ ತಿಂದಿದೆ.” ನೀನೂ ನಕ್ಕೆ. ಅದರ ಮುಂದಿನ ಭಾನುವಾರವೇ ನೀನು ಹಣ್ಣು ಹಿಡಿದು ಬಂದದ್ದು.

ಲ್ಯಾಪ್‌ಟಾಪನ್ನು ಆ ದಿನವೇ ಮನೆಗೆ ತಂದೆ. ಕೊಡುವಾಗ ರಿಪೇರಿಯವನು ಹೇಳಿದ, “ಮರ್ತಿರೋದನ್ನ ಕೇಳಿ ಕೇಳಿ ತೆಗೆಸೋಕಾಗಲ್ಲ ಅಕ್ಕಾ. ಅವ್ರು ಯಾವಾಗ್ಲೂ ಏನು ಗೊಣಗ್ತಾರೆ, ಅದನ್ನ ಬರ್ಕೊಳಿ. ಜನ ಬಾಯಲ್ಲಿರೋದನ್ನೇ ಬೀಗ ಮಾಡ್ಕೊಳ್ಳೋದು.” ಅಂದಿನಿಂದ ಅಪ್ಪನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸುಮ್ಮನೆ ಅವನ ಹಿಂದೆ ಹಿಂದೆ ಓಡಾಡಿ, ಗೊಣಗಿದ್ದನ್ನು ಬರೆದುಕೊಂಡೆ. ಹೆಚ್ಚಿನವು ಅರ್ಥವಿಲ್ಲದ ಮಾತುಗಳು. ಹನ್ನೊಂದನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಖಾಲಿ ಬಾಟಲಿಯೊಂದನ್ನು ನಲ್ಲಿಗೆ ಹಿಡಿದಿದ್ದ. ತುಂಬಿದ, ಕುಲುಕಿದ, ಚೆಲ್ಲಿದ. ಮತ್ತೆ ತುಂಬಿದ. ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ: “ಮೂರು ಸಲ ತೊಳಿ, ನಾಲ್ಕಕ್ಕೆ ತುಂಬು.” ಪರೀಕ್ಷೆಗೆ ನೀರು ಹಿಡಿಯುವ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ನಾಲ್ಕನೆಯ ಸಲ ಹಿಡಿಯಬೇಕಂತೆ. ಕೆಲಸಕ್ಕೆ ಹೊಸಬರು ಬಂದಾಗೆಲ್ಲ ಅಪ್ಪ ಕಲಿಸುತ್ತಿದ್ದ ಮೊದಲ ಪಾಠ.

ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ. ಜಾಗ ಬಿಟ್ಟು, ಜಾಗ ಬಿಡದೆ, ಮೂರರ ಬದಲು ಅಂಕಿ ಹಾಕಿ. ಒಂಬತ್ತನೆಯ ಸಲಕ್ಕೆ ಫೈಲು ತೆರೆಯಿತು. ಅಪ್ಪ ಒಳಗೆ ಇನ್ನೂ ಬಾಟಲಿ ತೊಳೆಯುತ್ತಿದ್ದ.

ಹತ್ತೊಂಬತ್ತು ವರ್ಷದ ಲೆಕ್ಕ ಅಣ್ಣಾ. ಪ್ರತಿ ತಿಂಗಳಿಗೂ ಎರಡು ಸಾಲು. ಒಂದು, ಆಫೀಸಿನ ಪುಸ್ತಕದಲ್ಲಿ ಬರೆದದ್ದು. ಇನ್ನೊಂದು, ಅವನು ನಿಜವಾಗಿ ಕಂಡದ್ದು. ಚರ್ಮ ಹದ ಮಾಡುವ ಕ್ರೋಮಿಯಂ ತಗ್ಗುಬೀದಿಯ ನಲ್ಲಿಯಲ್ಲಿ ಎಷ್ಟಿರಬಾರದೋ ಅದರ ಎಂಟು ಪಟ್ಟು, ಹತ್ತು ಪಟ್ಟು. ಮೊದಲ ಪುಟದಲ್ಲಿ ಒಂದೇ ದಿನಾಂಕದ ಕೆಳಗೆ ಮೂರು ಸಾಲು ಬರೆದಿದ್ದ. ‘ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಯಿತು. ಮೇಲಿನವರು ಹೇಳಿದ ಅಂಕಿಗೆ ಸಹಿ ಹಾಕಿದೆ. ಇಂದಿನಿಂದ ಮನೆಗೆ ಗುಡ್ಡದ ಬಾವಿಯ ನೀರು.’

ಕೊನೆಯ ಸಾಲನ್ನು ಮತ್ತೆ ಓದಿದೆ. ಗುಡ್ಡದ ಬಾವಿಯಿಂದ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ನೀರು ತರುತ್ತಿದ್ದವಳು ನಾನು, ಹದಿನೈದು ವರ್ಷದವಳು. ಮನೆಯಲ್ಲೇ ನಲ್ಲಿ ಇರುವಾಗ ಇದೇನು ಶಿಕ್ಷೆ ಎಂದು ದಿನಾ ಗೊಣಗುತ್ತಿದ್ದೆ. “ಆ ನೀರು ರುಚಿ ಮಗಳೇ” ಎನ್ನುತ್ತಿದ್ದ ಅಪ್ಪ. ತಗ್ಗುಬೀದಿಯಿಂದ ಶಾಲೆಗೆ ಬರುತ್ತಿದ್ದ ನನ್ನ ಗೆಳತಿ, ಒಂದೇ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಅಂಗೈ ಕೆರೆದುಕೊಳ್ಳುತ್ತಿದ್ದಳು. ನಾನು ಸರಿದು ಕೂರುತ್ತಿದ್ದೆ. ಈಗ ನಿಮ್ಮ ಮೇಲೆ ಕೇಸು ಹಾಕಿದ ಟೀಚರು ಅವಳೇ.

ಆ ಮೂರು ಸಾಲನ್ನು ಅಳಿಸಿ, ಅಂಕಿಗಳನ್ನಷ್ಟೇ ವಕೀಲರಿಗೆ ಕೊಡೋಣ ಎಂದು ನನಗೂ ಅನಿಸಿತು. ಬೆರಳು ಇಟ್ಟೂ ಆಗಿತ್ತು. ಅಷ್ಟರಲ್ಲಿ, ಅಳಿಸಿದ ಮೇಲೆ ಫೋನ್ ಮಾಡು ಎಂದು ಎರಡೆರಡು ಸಲ ಹೇಳಿದ ನಿನ್ನ ನೆನಪಾಯಿತು. ಥೂ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ಇದೇನಾ ಎಂದುಕೊಂಡೆ. ಕೈ ತೆಗೆದೆ. ಇದ್ದದ್ದನ್ನು ಇದ್ದಂತೆ, ಆ ಮೂರು ಸಾಲಿನ ಸಮೇತ ವಕೀಲರಿಗೆ ಕೊಟ್ಟು ಬಂದೆ.

ಆಮೇಲಿನದು ನಿನಗೆ ಗೊತ್ತೇ ಇದೆ. ಕಾರ್ಖಾನೆಯ ಕೊಳಚೆ ಕಾಲುವೆಗೆ ಕೋರ್ಟಿನವರು ಬೀಗಮುದ್ರೆ ಹಾಕಿದರು. ತಗ್ಗುಬೀದಿಗೆ ದಿನಾ ಟ್ಯಾಂಕರಿನಲ್ಲಿ ನೀರು ಬರುತ್ತಿದೆ. ನಿನ್ನ ಕುರ್ಚಿ ಹೋಯಿತು. ಅಪ್ಪನ ಹೆಸರು ಪತ್ರಿಕೆಯಲ್ಲಿ ಬಂತು, ನಮ್ಮ ಗೇಟಿಗೆ ಯಾರೋ ಸಗಣಿ ಎರಚಿ ಹೋದರು. ತೊಳೆದೆ. “ನಂಗೆ ಗೊತ್ತಿತ್ತು ಅನ್ನೋಕೆ ಏನು ಪುರಾವೆ?” ಎಂದು ಕೇಳಿದೆಯಲ್ಲ ನೀನು, ಗೊತ್ತಿಲ್ಲದವರು ಪುರಾವೆ ಕೇಳುವುದಿಲ್ಲ ಅಣ್ಣಾ, ಏನಾಯಿತು ಎಂದು ಕೇಳುತ್ತಾರೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಹೋದ ವಾರ ಟೀಚರು ಮನೆಗೆ ಬಂದಿದ್ದಳು. ಅಪ್ಪನಿಗೆ ಅತಿಥಿ ಬಂದರೆ ಈಗಲೂ ಎಲ್ಲಿಲ್ಲದ ಸಂಭ್ರಮ. ತಾನೇ ಒಳಗೆ ಹೋಗಿ ಲೋಟದ ತುಂಬ ನೀರು ತಂದುಕೊಟ್ಟ. ಅವಳ ಅಂಗೈ ಕಂಡೆ. ಚರ್ಮ ಮರದ ತೊಗಟೆಯಂತೆ ಸೀಳಿತ್ತು. ಲೋಟವನ್ನು ಸ್ವಲ್ಪ ಹೊತ್ತು ಹಿಡಿದಿದ್ದು, ಕುಡಿಯದೆ ಕೆಳಗಿಟ್ಟಳು.

“ಏನಮ್ಮಾ, ಯಾವ ಕಡೆಯಿಂದ ಬಂದ್ರಿ?” ಎಂದ ಅಪ್ಪ.

“ತಗ್ಗುಬೀದಿಯಿಂದ ಸರ್. ಅಲ್ಲಿ ನೀರಲ್ಲಿ ವಿಷ ಇತ್ತು. ನೀರು ನೋಡೋ ಕೆಮಿಸ್ಟ್ ಒಬ್ರಿದ್ರು. ಅವ್ರಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಯಾರಿಗೂ ಹೇಳ್ಲಿಲ್ಲ.”

ಅವಳು ದನಿ ಏರಿಸಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ಅಪ್ಪ ಪೂರ್ತಿ ಕೇಳಿದ. ಅವನ ಹುಬ್ಬು ಗಂಟಿಕ್ಕಿತು. ಎಷ್ಟೋ ತಿಂಗಳ ಮೇಲೆ ಆ ಕಣ್ಣಿನಲ್ಲಿ ಹಳೆಯ ಚುರುಕು ಕಂಡಿತು, ಪ್ರಯೋಗಾಲಯದಲ್ಲಿ ಯಾರಾದರೂ ಕೊಳಕು ಬಾಟಲಿ ತಂದರೆ ಕಾಣುತ್ತಿದ್ದಂಥದು.

“ಗೊತ್ತಿದ್ದೂ ಸುಮ್ನಿದ್ನಾ? ಥೂ! ಅವನಿಗೂ ಮಕ್ಕಳು ಇರ್ಲಿಲ್ವಾ?”

“ಇದ್ರು ಸರ್” ಎಂದಳು ಅವಳು. “ಇಬ್ರು.”

ನನ್ನ ಮುಖ ನೋಡದೆ ಎದ್ದು ಹೋದಳು. ಅಪ್ಪ ಗೇಟಿನ ತನಕ ಬಿಟ್ಟು ಬಂದು, “ಪಾಪ, ಒಳ್ಳೇ ಹೆಣ್ಣುಮಗಳು” ಎಂದ.

ಇಷ್ಟೇ. ನಿನ್ನ ಮೇಲೆ ಸಿಟ್ಟಿಲ್ಲ, ಸಿಟ್ಟಾದರೆ ಇಳಿಯುತ್ತಿತ್ತು. ಸಾಕ್ಷಿ ಹೇಳುವ ದಿನ ಕೋರ್ಟಿನಲ್ಲಿ ಎದುರಾದರೆ ಮಾತಾಡಿಸಬೇಡ. ನಿನ್ನ ಮಗಳು ಕುಡಿಯುವ ನೀರು ತಿಳಿಯಾಗಿರಲಿ, ಅದಕ್ಕಾಗಿ ಇನ್ನೊಬ್ಬರ ಮಗಳು ಬಾಯಾರುವಂತಾಗದಿರಲಿ.

ಇಂತಿ,
ನಿನ್ನ ತಂಗಿ